ಗುತ್ತೆವ್ವ ಕೇಳಿದ ನೀರು

ಮಧ್ಯಾಹ್ನದ ಊಟವಾದ ಮೇಲೆ ಪಾಠ ಮಾಡುವುದೆಂದರೆ ವಿದ್ಯಾಳಿಗೆ ಅಳುಕು. ಸಿವಿಲ್ ಇಂಜಿನಿಯರಿಂಗಿನ ಕೊನೆಯ ವರ್ಷದವರಿಗೆ ಅವಳು ಕಲಿಸುತ್ತಿದ್ದುದು ಜಲಸಂಪನ್ಮೂಲ ವ್ಯವಸ್ಥೆಗಳ ವಿಶ್ಲೇಷಣೆ. ಇರುವ ನೀರು ಇಷ್ಟು, ಬೇಕೆನ್ನುವವರು ಇಷ್ಟು ಮಂದಿ, ಯಾರಿಗೆ ಯಾವಾಗ ಎಷ್ಟು ಕೊಟ್ಟರೆ ಎಲ್ಲಕ್ಕಿಂತ ಹೆಚ್ಚು ಉಪಯೋಗ ಎಂಬುದನ್ನು ಸಮೀಕರಣಗಳಲ್ಲಿ ಬರೆದು ಬಿಡಿಸುವ ವಿಷಯ. ಅವಳಿಗೆ ಬಹಳ ಇಷ್ಟದ್ದು. ಹುಡುಗರಿಗೆ ಮಾತ್ರ ಅದು ಜೋಗುಳದಂತೆ ಕೇಳಿಸುತ್ತಿತ್ತು.

ಆ ದಿನ ಅವಳು ಬೋರ್ಡಿನ ಮೇಲೆ ಪುಸ್ತಕದ ಲೆಕ್ಕವೊಂದನ್ನು ಬರೆದಳು. ಒಂದು ಜಲಾಶಯ, ಎರಡು ಬೆಳೆ. ಹಿಂದಿನ ಬೆಂಚಿನಿಂದ ಜಾವೇದ ಎದ್ದು ನಿಂತ. ಸವಣೂರಿನವನು; ಅವರ ಮನೆಯವರದು ಎಲೆಬಳ್ಳಿ ತೋಟ.

“ಮೇಡಂ, ಈ ಒಂದನೇ ಬೆಳಿ ಅಂದ್ರ ಯಾವುದ್ರಿ?”

“ಯಾವುದಾದ್ರೂ ಇರಬಹುದಪ್ಪ. ಬೆಳಿ ಒಂದು, ಬೆಳಿ ಎರಡು ಅಂತ ತಿಳಕೋ.”

“ಹಂಗಲ್ರಿ. ಎಲಿಬಳ್ಳಿ ಆದ್ರ ಅದಕ್ಕ ದಿನಾ ಸ್ವಲ್ಪ ಸ್ವಲ್ಪ ನೀರು ಬೇಕು. ಭತ್ತ ಆದ್ರ ಗದ್ದಿ ತುಂಬ ನಿಂದರಬೇಕು. ಎರಡಕ್ಕೂ ಒಂದ ಸಮೀಕರಣ ಹೆಂಗ್ ಆಕ್ಕೈತ್ರಿ?”

ತರಗತಿ ನಕ್ಕಿತು. ಜಾವೇದನೇನೂ ತಮಾಷೆಗೆ ಕೇಳಿರಲಿಲ್ಲ. ವಿದ್ಯಾ ಬೋರ್ಡಿನ ಕಡೆ ತಿರುಗಿ ತಾನೇ ಬರೆದದ್ದನ್ನು ಓದಿಕೊಂಡಳು. ಆ ಜಲಾಶಯಕ್ಕೆ ಹೆಸರಿರಲಿಲ್ಲ. ಅದರ ದಂಡೆಯಲ್ಲಿ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ, ಯಾರ ಎಮ್ಮೆಯೂ ಇಳಿದಿರಲಿಲ್ಲ. ಅವಳು ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಒರೆಸಿಬಿಟ್ಟಳು.

“ಮುಂದಿನ ವಾರದಿಂದ ಪುಸ್ತಕದ ಲೆಕ್ಕ ಬ್ಯಾಡ. ಒಂದು ಖರೇ ಕೆರಿ ತಗೊಳ್ಳೋಣ. ನೀವ ಹೋಗ್ರಿ, ನೋಡ್ರಿ, ಮಂದೀನ ಕೇಳ್ರಿ. ಅದರ ಮ್ಯಾಲೆ ಲೆಕ್ಕ ಮಾಡೋಣ.”

ಅವಳು ಆರಿಸಿದ್ದು ಹಾನಗಲ್ಲು ತಾಲ್ಲೂಕಿನಲ್ಲಿ ಆಡೂರಿನಿಂದ ಸ್ವಲ್ಪ ಆಚೆಗಿರುವ ಕಣವಿಕೊಪ್ಪದ ಕೆರೆಯನ್ನು. ಕೆರೆಯ ಕೆಳಗೆ ಭತ್ತದ ಗದ್ದೆಗಳು, ನೀರು ಹಂಚಲು ಬಳಕೆದಾರರ ಸಂಘ, ಮೀನು ಬಿಡುವ ಗುತ್ತಿಗೆದಾರರು, ಊರು, ಊರ ಹೊರಗೊಂದು ಕೇರಿ. ಲೆಕ್ಕಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ಅದು ತನ್ನೂರು ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ಮೇಡಂ ಊರೆಂದು ಗೊತ್ತಾದರೆ ಹುಡುಗರು ಮೇಡಂಗೆ ಹಿಡಿಸುವುದನ್ನೇ ಬರೆದು ತರುತ್ತಾರೆ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಸುಳ್ಳೇನಲ್ಲ. ಆದರೆ ಊರು ಎಂದ ಕೂಡಲೇ ಊರಲ್ಲಿ ಯಾವ ಕಡೆ ಮನೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಕಾಲೇಜಿನಲ್ಲಿ ಅವಳು ಇದುವರೆಗೆ ಉತ್ತರ ಕೊಟ್ಟವಳಲ್ಲ. ‘ಹಾನಗಲ್ ಕಡೆ’ ಎಂದು ಹೇಳಿ ಸುಮ್ಮನಾಗುತ್ತಿದ್ದಳು.

ಅವಳ ಮನೆಯಿದ್ದುದು ಆ ಕೇರಿಯಲ್ಲಿ. ಅಪ್ಪ ಪರಮೇಶಪ್ಪ ಹಾನಗಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ, ಪಕ್ಕಕ್ಕೆ ಬಾಬಾಸಾಹೇಬರದು. ಅವ್ವ ಗುತ್ತೆವ್ವ. ಅಣ್ಣ ಫಕ್ಕೀರೇಶ, ಅತ್ತಿಗೆ, ಅವರ ಮಕ್ಕಳು ಎಲ್ಲ ಒಟ್ಟಿಗೇ ಇದ್ದರು. ಅಜ್ಜಿಯ ಕಾಲದಲ್ಲಿ ಕೇರಿಯವರು ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲವಂತೆ. ಕೋಡಿಯಿಂದ ಹರಿದು ಹೊರಬಿದ್ದ ನೀರನ್ನೇ ತುಂಬಿಕೊಳ್ಳಬೇಕಿತ್ತಂತೆ. ಆಮೇಲೆ ಸರಕಾರದವರು ಕೆರೆಯ ಏರಿಯ ಕೆಳಗೆ ಕೇರಿಗೆಂದು ಒಂದು ಬಾವಿ ತೋಡಿಸಿಕೊಟ್ಟರು. ಈಗ ಕೆರೆಗೆ ಹೋದರೆ ಯಾರೂ ತಡೆಯುವುದಿಲ್ಲ. ಆದರೂ ಗುತ್ತೆವ್ವನ ವಯಸ್ಸಿನವರು ಹೋಗುವುದಿಲ್ಲ. ಮನೆಮುಂದೆ ನಳ ಬಂದಿದೆ. ಅದರಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಬಾವಿ.

ಹುಡುಗರು ಕಣವಿಕೊಪ್ಪಕ್ಕೆ ಹೋದ ದಿನ ವಿದ್ಯಾ ಪರೀಕ್ಷೆಯ ಕೆಲಸವಿದೆ ಎಂದು ಕಾಲೇಜಿನಲ್ಲೇ ಉಳಿದಳು. ಗದ್ದೆಯವರನ್ನು ಕೇಳಲು ಒಂದು ಗುಂಪು, ಮೀನಿನವರಿಗೆ ಒಂದು, ಸಂಘಕ್ಕೆ ಒಂದು. ‘ಉಳಿದವರು’ ಎಂಬ ಪಾಲು ಜಾವೇದನಿಗೂ ಭಾಗ್ಯಶ್ರೀಗೂ ಬಂತು. ಭಾಗ್ಯಶ್ರೀ ಹಿರೇಕೆರೂರಿನ ಕಡೆಯ ರೈತರ ಮಗಳು. ಮಾತು ಕಡಿಮೆ, ಬರೆದುಕೊಳ್ಳುವುದು ಹೆಚ್ಚು.

ಮರುವಾರ ಪ್ರತಿ ಗುಂಪೂ ತಾನು ತಂದ ಲೆಕ್ಕವನ್ನು ಬೋರ್ಡಿಗೆ ಬರೆಯಿತು. ಮಳೆಗಾಲದ ಭತ್ತಕ್ಕೆ ಇಷ್ಟು, ಬೇಸಿಗೆ ಭತ್ತಕ್ಕೆ ಇಷ್ಟು, ಮೀನಿಗೆ ಇಷ್ಟು. ಕೊನೆಗೆ ಭಾಗ್ಯಶ್ರೀ ಬಂದು ‘ಕೇರಿ’ ಎಂದು ಬರೆದಳು. ಅದರ ಎದುರು ಸೊನ್ನೆ ಹಾಕಿದಳು. ಹಾಕಿ ಅಲ್ಲೇ ನಿಂತಳು.

“ಯಾಕ ನಿಂತಿ?” ಎಂದಳು ವಿದ್ಯಾ.

“ಮೇಡಂ, ಅವ್ರು ಏನೂ ಬ್ಯಾಡ ಅಂದ್ರು. ಎಲ್ಲಾ ಮನ್ಯಾಗೂ ಹಂಗ ಅಂದ್ರು. ಅದಕ್ಕ ಸೊನ್ನಿ ಬರದೇನಿ. ಆದ್ರ ಯಾಕೋ ಮನಸ್ಸಿಗೆ ಸಮಾಧಾನ ಇಲ್ರಿ. ನೀವು ಸ್ವಲ್ಪ ಕೇಳ್ರಿ.”

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಧ್ವನಿ ಹಚ್ಚಿದಳು. ಮೊದಲು ಕೋಳಿಯ ಕೂಗು, ಯಾರೋ ಚಾಪೆ ಕೊಡವಿದ ಸದ್ದು. ಆಮೇಲೆ ಗುತ್ತೆವ್ವನ ದನಿ.

“ನಮಗೇನ್ ಬ್ಯಾಡ ತಂಗಿ. ಕೆರಿ ಅವರದು, ಅವರ ನೋಡಕೋತಾರ. ನಮಗ ಬಾವಿ ಐತಿ. ಏನೂ ಬ್ಯಾಡ ಅಂತ ಬರಕೋ. ಬಿಸಲಾಗ ಬಂದೀರಿ, ಚಾ ಮಾಡ್ತೇನಿ ಕುಂದರ್ರಿ.”

ಜಾವೇದನ ದನಿ: “ಅಜ್ಜಿ, ನಿಮಗ ಮಕ್ಕಳು ಎಷ್ಟು ಮಂದಿ?”

“ಒಬ್ಬ ಮಗ, ಒಬ್ಬಾಕಿ ಮಗಳು. ಮಗಳು ಕಾಲೇಜಿನಾಗ ಕಲಿಸ್ತಾಳ. ನೀರಿಂದ ಏನೋ ಕಲಿಸ್ತಾಳಂತ, ನಿಮ್ಮಂಥಾ ಹುಡುಗರಿಗೆ.”

“ಹೌದಾ! ಯಾವ ಕಾಲೇಜಿನಾಗ್ರಿ?”

ಮೊಬೈಲಿನಲ್ಲಿ ಪಾತ್ರೆ ಸರಿಸಿದ ಸದ್ದು ಕೇಳಿತು.

“ಅದು ನನಗ ಗೊತ್ತಿಲ್ಲ ತಮ್ಮಾ. ದೂರ ಐತಿ.”

ವಿದ್ಯಾ ಕಿಟಕಿಯ ಕಡೆ ತಿರುಗಿದಳು. ಅವ್ವನಿಗೆ ಕಾಲೇಜಿನ ಹೆಸರು ಚೆನ್ನಾಗಿ ಗೊತ್ತು. ನೌಕರಿ ಸಿಕ್ಕಾಗ ಕೇರಿಯ ತುಂಬ ಹೇಳಿಕೊಂಡು ಬಂದವಳೇ ಅವಳು. ಹುಡುಗರ ಕೊರಳಲ್ಲಿ ಅದೇ ಕಾಲೇಜಿನ ಗುರುತಿನ ಪಟ್ಟಿ ನೇತಾಡುತ್ತಿರುತ್ತದೆ. ಅಂದರೆ ಇವರು ತನ್ನ ಮಗಳ ಹುಡುಗರು ಎಂದು ಅವ್ವನಿಗೆ ನೋಡಿದ ಕೂಡಲೇ ತಿಳಿದಿತ್ತು. ಮಗಳು ಅವರಿಗೆ ಏನನ್ನೂ ಹೇಳಿಲ್ಲ ಎಂಬುದೂ ತಿಳಿಯಿತು. ತಿಳಿದು, ಮಗಳ ಗುಟ್ಟನ್ನು ಮಗಳಿಗಿಂತ ಜೋಪಾನವಾಗಿ ಕಾಯ್ದಳು. ನಿನ್ನೆ ಫೋನು ಮಾಡಿದಾಗಲೂ, ಊಟ ಆಯ್ತಾ, ಕೆಮ್ಮು ಹೆಂಗೈತಿ ಎಂದು ಕೇಳಿದಳೇ ಹೊರತು ಹುಡುಗರು ಬಂದಿದ್ದರು ಎಂದು ಹೇಳಲಿಲ್ಲ.

“ಮೇಡಂ?” ಎಂದಳು ಭಾಗ್ಯಶ್ರೀ.

“ಹೂಂ. ಲೆಕ್ಕ ಮುಂದುವರಿಸ್ರಿ,” ಎಂದಳು ವಿದ್ಯಾ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದಳು.

ಅವಳು ಒಳಗೆ ಬರುವಷ್ಟರಲ್ಲಿ ಹುಡುಗರು ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ಉತ್ತರ ತೆಗೆದಿದ್ದರು. ಎಲ್ಲಕ್ಕಿಂತ ಹೆಚ್ಚು ಫಸಲು ಬರಬೇಕೆಂದರೆ ಬೇಸಿಗೆ ಭತ್ತಕ್ಕೆ ನೀರನ್ನು ಪೂರ್ತಿ ಬಿಡಬೇಕು. ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಕೆರೆ ಬರಿದು. ಹಾನಗಲ್ಲಿನ ಹಾಲೇಶ ಖುಷಿಯಿಂದ ಮೇಜು ಕುಟ್ಟಿದ. ಅವನ ಸೋದರಮಾವನ ಗದ್ದೆಗಳು ಅದೇ ಕೆರೆಯ ಕೆಳಗಿದ್ದವು.

ಜಾವೇದ ಮಾತ್ರ ತಲೆ ಕೆರೆದುಕೊಂಡ. “ಮೇಡಂ, ನಮ್ಮ ಕಡೆ ಕೆರಿ ಒಣಗಿದ್ರ ತೋಟದ ಬಾವಿನೂ ಇಳೀತೈತ್ರಿ. ನಮ್ಮ ಅಬ್ಬಾ ಅದಕ್ಕ ಬ್ಯಾಸಗಿ ಬಂದ್ರ ಕೆರಿ ಕಡೆನ ನೋಡ್ಕೋತ ಇರ್ತಾರ. ಈ ಕೇರಿ ಬಾವಿ ಸೈತ ಏರಿ ಕೆಳಗ ಐತಿ.”

ಭಾಗ್ಯಶ್ರೀಯ ಮುಖ ಅರಳಿತು. “ಹೌದ್ರಿ! ಅವ್ರು ಕೆರಿ ನೀರು ಬ್ಯಾಡ ಅಂದ್ರು. ಬಾವಿ ನೀರು ಬ್ಯಾಡ ಅಂದಿಲ್ಲ. ಇನ್ನೊಮ್ಮೆ ಹೋಗಿ ನೋಡಲೇನ್ರಿ ಮೇಡಂ?”

ವಿದ್ಯಾ ಬೋರ್ಡಿನ ಮೇಲಿನ ಸೊನ್ನೆಯನ್ನು ನೋಡಿದಳು.

“ಹೋಗೋಣ. ಈ ಸಲ ನಾನೂ ಬರ್ತೇನಿ.”

ಹಾನಗಲ್ಲಿನ ತನಕ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಜಾವೇದ ಸವಣೂರಿನಿಂದ ತಂದ ಖಾರದ ತಿಂಡಿಯ ಪೊಟ್ಟಣವನ್ನು ಎಲ್ಲರ ಕೈಗೆ ಸುರಿಯುತ್ತ ಹರಟುತ್ತಿದ್ದ. ವಿದ್ಯಾ ಮಾತ್ರ ಎಲ್ಲಿ ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದಳು. ಟಂಟಂ ಇಳಿದಾಗಲೂ ಅವಳಿಗೆ ಮಾತು ಕೂಡಿಬರಲಿಲ್ಲ.

ಗುತ್ತೆವ್ವ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಹುಡುಗರನ್ನು ಕಂಡು ನಕ್ಕಳು. ಹಿಂದೆ ಬರುತ್ತಿದ್ದ ಮಗಳನ್ನು ಕಂಡಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

“ಬರ್ರಿ ತಂಗಿ, ಬಾ ತಮ್ಮಾ. ಇವ್ರು ನಿಮ್ಮ ಮೇಡಂ ಏನು? ಬರ್ರಿ ಮೇಡಂ, ಕುಂದರ್ರಿ. ನಮ್ಮದು ಸಣ್ಣ ಮನಿ...”

ಹಡೆದವಳ ಬಾಯಿಂದ ‘ರಿ’ ಕೇಳಿ ವಿದ್ಯಾಳ ಕಣ್ಣು ತುಂಬಿದವು.

“ಅವ್ವಾ,” ಎಂದಳು.

ಗುತ್ತೆವ್ವ ಗಾಬರಿಯಿಂದ ಹುಡುಗರ ಕಡೆ ನೋಡಿದಳು, ಮಗಳ ಕೈಯಿಂದ ಏನೋ ಬಿದ್ದು ಒಡೆಯಿತೇನೋ ಎಂಬಂತೆ. ವಿದ್ಯಾ ಮುಂದೆ ಬಂದು ಅವಳ ಕೈ ಹಿಡಿದುಕೊಂಡಳು. ಬೆರಳುಗಳಿಗೆ ಹಸಿ ಸೊಪ್ಪಿನ ವಾಸನೆಯಿತ್ತು.

“ಇವಳು ನಮ್ಮವ್ವ,” ಎಂದಳು ಹುಡುಗರಿಗೆ. “ಇದು ನಮ್ಮ ಮನಿ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ.”

ಜಾವೇದ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಅಯ್ಯೋ ಅಜ್ಜಿ! ನಾ ಅವತ್ತು ಮೇಡಂ ಭಾಳ ಅಸೈನ್‌ಮೆಂಟ್ ಕೊಡ್ತಾರ ಅಂತ ನಿಮ್ಮ ಮುಂದ ಬೈದಿದ್ನಲ್ರಿ!”

“ಬೈದಿದ್ದಿ,” ಎಂದಳು ಗುತ್ತೆವ್ವ. “ನಾನೂ ಹೂಂ ಹೂಂ ಅಂದಿದ್ದೆ.”

ಎಲ್ಲರೂ ನಕ್ಕರು. ನಗುವಿನ ನಡುವೆ ವಿದ್ಯಾ ಕಣ್ಣು ಒರೆಸಿಕೊಂಡದ್ದನ್ನು ಭಾಗ್ಯಶ್ರೀ ಕಂಡಳು. ಸೊಪ್ಪಿನ ಬುಟ್ಟಿ ಎತ್ತಿಕೊಂಡು, “ಅಡಗಿಮನಿ ಯಾವ ಕಡೆ ಐತ್ರಿ ಅಜ್ಜಿ? ಚಾ ನಾ ಮಾಡ್ತೇನಿ,” ಎಂದು ಒಳಗೆ ಹೋದಳು. ಪರಮೇಶಪ್ಪ ಒಳಗಿನಿಂದ ಬಂದು ಕನ್ನಡಕ ಏರಿಸಿಕೊಂಡು ಮಗಳನ್ನೂ ಹುಡುಗರನ್ನೂ ನೋಡಿದ. “ಅಂತೂ ಬಂದಿ,” ಎಂದು ಕುರ್ಚಿ ಹಾಕಿದ.

ಚಹಾ ಕುಡಿದು ಬಾವಿಗೆ ಹೋದರು. ಮಳೆ ಆಗಷ್ಟೇ ಮುಗಿದಿತ್ತು. ಬಾವಿ ಕೈಗೆಟುಕುವಷ್ಟು ತುಂಬಿತ್ತು. ಹುಡುಗರು ಲೆವೆಲ್ ಉಪಕರಣ ನಿಲ್ಲಿಸಿ ಕೆರೆಯ ನೀರಿನ ಮಟ್ಟವನ್ನೂ ಬಾವಿಯ ಮಟ್ಟವನ್ನೂ ನೋಡಿದರು. ಬಾವಿಯದು ಕೆರೆಗಿಂತ ಸ್ವಲ್ಪವೇ ಕೆಳಗಿತ್ತು. ನೀರು ಸೇದಲು ಬಂದ ಪಕ್ಕದ ಮನೆಯ ಉಡಚವ್ವ ಹುಡುಗರ ಪ್ರಶ್ನೆಗೆ ಬಿಂದಿಗೆ ಕೆಳಗಿಟ್ಟು ಉತ್ತರ ಕೊಟ್ಟಳು.

“ಕೆರಿ ಖಾಲಿ ಆದ್ರ ಇದೂ ಖಾಲಿ. ಬ್ಯಾಸಗ್ಯಾಗ ನಳದಾಗ ಬರೋದು ಗಾಳಿ. ಆವಾಗ ಗುಡ್ಡದ ಕಡೆ ಯಾರದರ ಬೋರ್ ಚಾಲೂ ಇದ್ರ ಅಲ್ಲಿ ಹೋಗಿ ನಿಂದರಬೇಕು. ಅವರು ಬಿಟ್ರ ನೀರು, ಇಲ್ಲಂದ್ರ ಹೊಳ್ಳಿ ಬರೋದು.”

“ಮತ್ತ ಏನೂ ಬ್ಯಾಡ ಅಂದ್ರಲ್ರಿ ಎಲ್ಲಾರೂ!” ಎಂದ ಜಾವೇದ.

ಉಡಚವ್ವ ಗುತ್ತೆವ್ವನ ಮುಖ ನೋಡಿದಳು. ಗುತ್ತೆವ್ವ ಬಾವಿಯ ಒಳಗೆ ನೋಡುತ್ತಿದ್ದಳು.

ವಿದ್ಯಾ ಅವ್ವನ ಪಕ್ಕದಲ್ಲಿ ಬಾವಿಕಟ್ಟೆಗೆ ಆತು ನಿಂತಳು. ಶಾಲೆಗೆ ಹೊಸ ಅಂಗಿ ಬೇಕೇ ಎಂದು ಕೇಳುತ್ತಿದ್ದ ಅವ್ವ, ಹಬ್ಬಕ್ಕೆ ತನಗೆ ಸೀರೆ ಬೇಡವೆಂದ ಅವ್ವ, ಕಾಯಿಲೆ ಬಿದ್ದರೂ ಏನಿಲ್ಲ ಎನ್ನುತ್ತಿದ್ದ ಅವ್ವ. ಅವಳಿಗೆ ಏನು ಬೇಕೆಂದು ತಾನು ಎಂದಾದರೂ ಕೇಳಿದ್ದುಂಟೇ?

“ಅವ್ವಾ, ನಾ ಕೇಳ್ತೇನಿ, ಹೇಳು. ನಿನಗ ಏನು ಬೇಕು?”

“ನನಗೇನ್ ಬೇಕವ್ವ...”

“ಹಂಗಲ್ಲ. ಬೇಕಾದದ್ದು ಹೇಳು. ಆಗತೈತೋ ಇಲ್ಲೋ ಆಮ್ಯಾಲೆ.”

ಗುತ್ತೆವ್ವ ಕೊಡದ ಹಗ್ಗವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಬ್ಯಾಸಗ್ಯಾಗ ಈ ಬಾವ್ಯಾಗ ನೀರು ಇರಬೇಕು,” ಎಂದಳು ಕೊನೆಗೆ. “ಮಂದಿ ಬೋರಿನ ಮುಂದ ನಿಂದರೋದು ಬ್ಯಾಡ ಆಗೇತಿ.” ಹೇಳಿದ ಮೇಲೆ ಧೈರ್ಯ ಬಂದಂತೆ ಇನ್ನೊಂದು ಸೇರಿಸಿದಳು. “ಮತ್ತ ಇಲ್ಲೆ ಬಾವಿ ದಂಡಿಗೆ ಒಂದು ಸಾಲು ಸೇವಂತಿಗಿ ಹಚ್ಚಬೇಕು ಅಂತ ಭಾಳ ದಿನದ ಆಸೆ. ಅದನ್ನ ಬರಕೋಬ್ಯಾಡ ತಂಗಿ, ಸುಮ್ಮ ಹೇಳಿದೆ.”

“ಬರಕೊಂಡೆ ಅಜ್ಜಿ,” ಎಂದಳು ಭಾಗ್ಯಶ್ರೀ.

ಕಾಲೇಜಿಗೆ ಮರಳಿ ಹುಡುಗರು ಹೊಸದಾಗಿ ಲೆಕ್ಕ ಹಾಕಿದರು. ಮಳೆಗಾಲದವರೆಗೆ ಕೆರೆಯಲ್ಲಿ ಇಷ್ಟು ನೀರು ಉಳಿಯಲೇಬೇಕು ಎಂಬ ಷರತ್ತು ಸೇರಿತು. ಉತ್ತರ ಬೇರೆ ಬಂತು. ಬೇಸಿಗೆ ಭತ್ತ ಅರ್ಧಕ್ಕಿಳಿಯಬೇಕು. ಉಳಿದ ಗದ್ದೆಗಳಲ್ಲಿ ಕಡಿಮೆ ನೀರು ಕುಡಿಯುವ ಅಲಸಂದೆಯೋ ಉದ್ದೋ ಬೆಳೆಯಬೇಕು. ಹಾಲೇಶ ಎದ್ದುನಿಂತು ಜಗಳಕ್ಕೇ ಬಂದ.

“ನಮ್ಮ ಮಾವಂದು ಕಾಲುವಿ ಕಡೀ ಗದ್ದಿ. ಮೊದಲ ಅವಗ ನೀರು ಮುಟ್ಟೂದು ಕಷ್ಟ. ಈಗ ಭತ್ತ ಬಿಡು ಅಂತ ನಾ ಅವನ ಮುಂದ ಹೆಂಗ್ ಹೇಳಲ್ರಿ ಮೇಡಂ? ಅಜ್ಜಿಗೆ ಕಷ್ಟ ಐತಿ ಖರೆ. ಮಾವಗ ಇಲ್ಲೇನು?”

ತರಗತಿ ವಿದ್ಯಾಳ ಕಡೆ ನೋಡಿತು. ತನ್ನ ಅವ್ವನ ಪರವಾಗಿ ಅವಳು ತೀರ್ಪು ಹೇಳುತ್ತಾಳೆಂದು ಕೆಲವರು ಕಾದಿದ್ದರು.

“ಹಾಲೇಶ ಹೇಳೋದು ಖರೆ,” ಎಂದಳು ಅವಳು. “ಲೆಕ್ಕ ಯಾರಿಗೂ ನೋವು ಆಗದಂಥಾ ಉತ್ತರ ಕೊಡೂದಿಲ್ಲ. ಯಾರಿಗೆ ಏನು ಆಗತೈತಿ ಅನ್ನೋದನ್ನ ಮುಚ್ಚಿಡದ ತೋರಸ್ತೈತಿ, ಅಷ್ಟ. ಕಡೀ ಗದ್ದಿಗೂ ಒಂದು ಷರತ್ತು ಹಾಕ್ರಿ. ಕೂತು ನೋಡ್ರಿ.”

ಅವರು ಕೂತರು. ಮೊದಲು ಕಡೆಯ ಗದ್ದೆಗಳಿಗೆ ನೀರು, ಆಮೇಲೆ ಮೇಲಿನವರಿಗೆ ಎಂದು ಸರದಿ ಬದಲಿಸಿದರೆ ಹಾಲೇಶನ ಮಾವನ ಭತ್ತವೂ ಒಂದಿಷ್ಟು ಉಳಿಯುತ್ತಿತ್ತು. ಅದನ್ನು ಕಂಡುಹಿಡಿದದ್ದು ಹಾಲೇಶನೇ. ಭಾಗ್ಯಶ್ರೀ ಅವನ ಪಕ್ಕದಲ್ಲಿ ಕೂತು ಅಂಕಿ ಓದಿ ಹೇಳುತ್ತಿದ್ದಳು.

ಸುಗ್ಗಿಗೆ ಮುಂಚೆ ಕಣವಿಕೊಪ್ಪದ ಶಾಲೆಯ ವರಾಂಡದಲ್ಲಿ ಸಂಘದ ಸಭೆ ಕೂಡಿತು. ಅಧ್ಯಕ್ಷ ಲಕ್ಷ್ಮಪ್ಪ ಹುಡುಗರಿಗೆ ಕುರ್ಚಿ ಹಾಕಿಸಿ, ನೀರು ಕೊಡಿಸಿ ಮರ್ಯಾದೆ ಮಾಡಿದ. ಹುಡುಗರು ಗೋಡೆಗೆ ನಕ್ಷೆ ಅಂಟಿಸಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಆಮೇಲೆ ಮೀಸೆ ಸವರಿಕೊಂಡ.

“ಓದಿದ ಹುಡುಗರು, ಚಲೋ ಮಾಡೀರಿ. ಆದ್ರ ಕೆರಿ ನೀರು ಗದ್ದಿಗೆ ಅನ್ನೋದು ಹಿಂದಿನಿಂದ ಬಂದದ್ದು. ಕೇರಿಯವರು ಒಮ್ಮೆನೂ ನಮಗ ಬೇಕು ಅಂತ ಬಂದವರಲ್ಲ. ನೀವ ಕೇಳಿದಾಗೂ ಏನೂ ಬ್ಯಾಡ ಅಂದಾರಂತ. ಬ್ಯಾಡ ಅಂದವರಿಗೆ ಒತ್ತಾಯ ಮಾಡಿ ಕೊಡೂದು ಹೆಂಗ?”

ವಿದ್ಯಾ ಏಳಲು ಹೋದಳು. ಅಷ್ಟರಲ್ಲಿ ವರಾಂಡದ ಕೊನೆಯ ಕಂಬದ ಹತ್ತಿರ ಹೆಂಗಸರ ನಡುವೆ ಕೂತಿದ್ದ ಗುತ್ತೆವ್ವ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳ ದನಿ ಎಲ್ಲರಿಗೂ ಕೇಳಿಸಿತು.

“ಬ್ಯಾಡ ಅಂದಿದ್ದೆ ಗೌಡ್ರ. ನಾನ ಅಂದಿದ್ದೆ. ಕೇಳಾಕ ಬಾಯಿ ಬರಲಿಲ್ಲ, ಅದಕ್ಕ ಬ್ಯಾಡ ಅಂದೆ. ಈಗ ಬೇಕು ಅಂತೇನಿ.”

ಪಕ್ಕದಲ್ಲಿ ಉಡಚವ್ವ ಎದ್ದಳು. “ನಮಗೂ ಬೇಕ್ರಿ.” ಅವಳ ಹಿಂದೆ ಇನ್ನೂ ಒಬ್ಬಿಬ್ಬರು ಎದ್ದರು. ಗದ್ದೆಯವರಲ್ಲಿ ಗುಸುಗುಸು ಹುಟ್ಟಿತು. ಒಬ್ಬ ಸಿಟ್ಟಿನಿಂದ ಟವೆಲ್ಲು ಝಾಡಿಸಿ ಎದ್ದುಹೋದ. ಲಕ್ಷ್ಮಪ್ಪ ನಕ್ಷೆಯ ಹತ್ತಿರ ಹೋಗಿ ಬಾವಿಯ ಗುರುತಿನ ಮೇಲೆ ಬೆರಳಿಟ್ಟು ನಿಂತ. ಗುತ್ತೆವ್ವ ಕೂರಲಿಲ್ಲ. ಅವನು ತಿರುಗುವ ತನಕ ನಿಂತೇ ಇದ್ದಳು.

“ಆತು, ಗುತ್ತೆವ್ವ,” ಎಂದ ಅವನು. “ಈ ಒಂದು ವರ್ಷ ಹುಡುಗರು ಹೇಳಿದಂಗ ನೋಡೋಣ. ಫಸಲು ಪೂರಾ ಕೈಕೊಟ್ರ ಮುಂದಿನ ವರ್ಷ ಮತ್ತ ಕುಂತು ಮಾತಾಡೋಣ.”

ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಬಿಸಿಲು ಏರುತ್ತಿದ್ದಂತೆ ಯಾರೋ ಹೇಳದೆ ಕೇಳದೆ ತೂಬು ಎತ್ತಿ ನೀರು ಹರಿಸಿಕೊಂಡರು. ಲಕ್ಷ್ಮಪ್ಪನೇ ಹೋಗಿ ಇಳಿಸಿ ಬೀಗ ಹಾಕಿಸಿದ. ಅಲಸಂದೆ ಹಾಕಿದವರಲ್ಲಿ ಕೆಲವರ ಬೆಳೆಗೆ ಹುಳ ಬಿತ್ತು, ಅವರು ಕಾಲೇಜಿನ ಹುಡುಗರಿಗೆ ಶಾಪ ಹಾಕಿದರು. ಹಾಲೇಶನ ಮಾವನ ಭತ್ತ ಮಾತ್ರ ಕೈಗೆ ಬಂತು. ಮೇ ತಿಂಗಳಲ್ಲಿ ಭಾಗ್ಯಶ್ರೀಯೂ ಜಾವೇದನೂ ವರದಿಗಾಗಿ ಬಾವಿಯ ಮಟ್ಟ ನೋಡಲು ಬಂದಾಗ ನೀರು ಆಳಕ್ಕಿಳಿದಿತ್ತು, ತುಸು ರಾಡಿಯೂ ಆಗಿತ್ತು. ಆದರೆ ಇತ್ತು. ಹೆಂಗಸರು ಅದನ್ನೇ ಸೇದಿ, ಸೋಸಿ ಒಯ್ಯುತ್ತಿದ್ದರು. ಗುಡ್ಡದ ಬೋರಿನ ಕಡೆ ಆ ವರ್ಷ ಯಾರೂ ಹೋಗಲಿಲ್ಲ.

ಆಗಸ್ಟಿನಲ್ಲಿ ಹೊಸ ತಂಡ ಬಂತು. ಅದೇ ಕೋಣೆ, ಅದೇ ಊಟವಾದ ಮೇಲಿನ ಹೊತ್ತು. ವಿದ್ಯಾ ಬೋರ್ಡಿನ ಮೇಲೆ ಕಣವಿಕೊಪ್ಪದ ಕೆರೆಯನ್ನು ಬರೆದಳು. ಏರಿ, ತೂಬು, ಗದ್ದೆಗಳು, ಊರು. ಊರಿಂದ ಸ್ವಲ್ಪ ಬಿಟ್ಟು ಮನೆಗಳ ಸಣ್ಣ ಗುಂಪನ್ನು ಬರೆದು ಅದರಲ್ಲೊಂದರ ಮೇಲೆ ಸೀಮೆಸುಣ್ಣ ಇಟ್ಟಳು.

“ಇದು ನಮ್ಮೂರು. ಇದು ನಮ್ಮ ಕೇರಿ. ಈ ಮನಿ ನಮ್ಮದು. ಮುಂದಿನ ವಾರ ಎಲ್ಲಾರೂ ಇಲ್ಲಿಗೆ ಹೋಗಾಕತ್ತೇವಿ.”

ಹುಡುಗರು ನಕ್ಷೆಯನ್ನು ಬರೆದುಕೊಂಡರು. ಆಮೇಲೆ ಮುಂದಿನ ಬೆಂಚಿನ ಶಾಕೀರಾ ಎಂಬ ಹುಡುಗಿ ಕೈ ಎತ್ತಿದಳು. “ಮೇಡಂ, ಊಟದ ವ್ಯವಸ್ಥಾ ಹೆಂಗ್ರಿ? ನಾವು ಕಟಕೊಂಡು ಬರಬೇಕೇನು?”

“ಬ್ಯಾಡ,” ಎಂದಳು ವಿದ್ಯಾ. “ನಮ್ಮವ್ವ ರೊಟ್ಟಿ ಮಾಡ್ತಾಳ. ಎಷ್ಟು ಮಂದಿ ಬರ್ತೀರಿ ಅಂತ ಮೊದಲ ಹೇಳ್ರಿ, ಆಕಿಗೆ ಫೋನ್ ಮಾಡ್ಬೇಕು.”